ಉತ್ಸವ ಎರಡು ದಿನ, ಬೇಸಗೆ ಎರಡು ತಿಂಗಳು

ನಮ್ಮ ಬೆಂಗಳೂರಿನಲ್ಲಿ ಈಗ ಸಾಹಿತ್ಯದ ಉತ್ಸವಗಳಿಗೆ ಕೊರತೆಯಿಲ್ಲ. ಬೆಂಗಳೂರು ಸಾಹಿತ್ಯ ಉತ್ಸವ 2012ರಲ್ಲಿ ಆರಂಭವಾಗಿ ವರ್ಷದಿಂದ ವರ್ಷಕ್ಕೆ ಬೆಳೆದು ಬಂದಿದೆ. 2024ರ ಆಗಸ್ಟ್ ತಿಂಗಳಲ್ಲಿ ಬುಕ್ ಬ್ರಹ್ಮದವರು ಕನ್ನಡ, ತೆಲುಗು, ತಮಿಳು, ಮಲಯಾಳ ಈ ನಾಲ್ಕು ಭಾಷೆಗಳ ಲೇಖಕರನ್ನು ಒಂದೆಡೆ ಕೂಡಿಸಿ ಮೂರು ದಿನಗಳ ಉತ್ಸವ ನಡೆಸಿದರು. 2025ರಲ್ಲಿ ವಿಧಾನಸೌಧದ ಆವರಣದಲ್ಲಿಯೇ ಪುಸ್ತಕ ಮೇಳ ನಡೆಯಿತು. ಶಾಸನಗಳು ಹುಟ್ಟುವ ಕಟ್ಟಡದ ಅಂಗಳದಲ್ಲಿ ಪುಸ್ತಕದ ಅಂಗಡಿಗಳು ಸಾಲುಗಟ್ಟಿದ್ದನ್ನು ಕಂಡು ಹಿಗ್ಗದ ಕನ್ನಡಿಗನಿಲ್ಲ.

ಇಂಥ ಉತ್ಸವಗಳ ವಿಷಯದಲ್ಲಿ ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಎರಡು ಪಕ್ಷಗಳಿವೆ. "ಅದು ಇಂಗ್ಲಿಷ್ ಬಲ್ಲವರ ಜಾತ್ರೆ, ನಮಗೆ ಅಲ್ಲೇನು ಕೆಲಸ?" ಎಂದು ಮೂಗು ಮುರಿಯುವವರು ಕೆಲವರು. ಹೋಗಿ, ಹೆಸರಾಂತ ಲೇಖಕರ ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡು, ಜನ್ಮ ಸಾರ್ಥಕವಾಯಿತೆಂದು ಮರಳುವವರು ಕೆಲವರು. ನನಗೆ ಈ ಎರಡು ಪಕ್ಷವೂ ಒಪ್ಪಿಗೆಯಿಲ್ಲ. ಬೆಂಗಳೂರು ಸಾಹಿತ್ಯ ಉತ್ಸವಕ್ಕೆ ಪ್ರವೇಶ ಧನವಿಲ್ಲ. ಕನ್ನಡದ ಗೋಷ್ಠಿಗಳೂ ಅಲ್ಲಿ ಉಂಟು, ಮಕ್ಕಳಿಗಾಗಿ ಬೇರೆ ಕಾರ್ಯಕ್ರಮಗಳೂ ಉಂಟು. ತೆರೆದ ಬಾಗಿಲನ್ನು ಮುಚ್ಚಿದೆಯೆಂದು ದೂರುವುದು ನ್ಯಾಯವಲ್ಲ.

ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲರೂ ಒಳಗೆ ಹೋದಂತಾಯಿತೆ? ವೇದಿಕೆಯ ಮೇಲೆ ಕುಳಿತ ಕಾದಂಬರಿಕಾರರ ಒಂದು ಕಾದಂಬರಿಯನ್ನಾದರೂ ಓದಿದವನಿಗೆ ಅವರ ಮಾತು ಮಾತಾಗಿ ಕೇಳಿಸುತ್ತದೆ. ಓದದವನಿಗೆ ಅದು ಬರಿಯ ಸದ್ದು. ಓದಿದವನು ಎದ್ದುನಿಂತು ಪ್ರಶ್ನೆ ಕೇಳಬಲ್ಲ. ಓದದವನು ಚಪ್ಪಾಳೆ ತಟ್ಟಬಲ್ಲ, ಅಷ್ಟೆ. ಗೈಡುಗಳನ್ನೂ "ಬಹು ಮುಖ್ಯ ಪ್ರಶ್ನೆ"ಗಳ ಪಟ್ಟಿಯನ್ನೂ ನಂಬಿ ಪದವಿಯ ದಡ ಸೇರುವ ನಮ್ಮಂಥವರಿಗೆ ಉತ್ಸವವು ದೂರದ ದೀಪಾಲಂಕಾರದಂತೆ ಕಾಣುವುದು ಈ ಕಾರಣದಿಂದ. ಓದುಗನನ್ನು ಉತ್ಸವವು ಸಂತೋಷಪಡಿಸಬಲ್ಲುದೇ ಹೊರತು, ಎರಡು ದಿನಗಳಲ್ಲಿ ಅವನನ್ನು ಸೃಷ್ಟಿಸಲಾರದು.

ಹಾಗಾದರೆ ಓದುಗ ಹುಟ್ಟುವುದು ಯಾವಾಗ? ಬೇಸಗೆಯಲ್ಲಿ ಎಂಬುದು ನನ್ನ ಉತ್ತರ. ಪರೀಕ್ಷೆಯ ಭಯವಿಲ್ಲದೆ, ಟಿಪ್ಪಣಿ ಬರೆದುಕೊಳ್ಳುವ ಹಂಗಿಲ್ಲದೆ, ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡಲಾರದೆ ಕುಳಿತಾಗ ಕೈಗೆ ಸಿಕ್ಕಿದ ದಪ್ಪ ಕಾದಂಬರಿಯೊಂದು ಮನುಷ್ಯನನ್ನು ಹಿಡಿದುಬಿಡುತ್ತದೆ. "ದೇಶ ಸುತ್ತು, ಇಲ್ಲವೆ ಕೋಶ ಓದು" ಎಂದರು ಹಿರಿಯರು. ದೇಶ ಸುತ್ತಲು ಕಾಸಿಲ್ಲದವನಿಗೆ ಉಳಿದಿರುವುದು ಕೋಶ ಒಂದೇ.

ಬೇಸಗೆಗೂ ವಿದ್ಯೆಗೂ ಇರುವ ನಂಟು ಇಂದಿನದಲ್ಲ. ಪುಣೆಯಲ್ಲಿ ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ತೊಡಗಿಸಿದ "ವಸಂತ ವ್ಯಾಖ್ಯಾನಮಾಲೆ"ಯು ಬೇಸಗೆಯ ಉಪನ್ಯಾಸಗಳಿಗೇ ಮೀಸಲಾದದ್ದು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತು ಜನ್ಮ ತಾಳಿದ್ದಾದರೂ ಯಾವಾಗ? 1915ರ ಮೇ 5ರಂದು, ಇದೇ ಬೆಂಗಳೂರಿನಲ್ಲಿ, ಕಡುಬೇಸಗೆಯ ನಡುವೆ. ಹಲವು ಸೀಮೆಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದೆಡೆ ಕಲೆತು ಭಾಷೆಯ ಹಿತವನ್ನು ಚಿಂತಿಸಲು ಬಿಸಿಲು ಅವರಿಗೆ ಅಡ್ಡಿಯಾಗಲಿಲ್ಲ. ಅಂಥ ಕಾಲವನ್ನು ನಾವು ನಿದ್ದೆಗೂ ಮೊಬೈಲಿಗೂ ಒಪ್ಪಿಸಿದ್ದೇವೆ.

ಬೇಸಗೆ ಬಂತೆಂದರೆ ಚಿಕ್ಕ ಮಕ್ಕಳಿಗಾಗಿ ನಗರದ ತುಂಬ ಶಿಬಿರಗಳು ನಡೆಯುತ್ತವೆ. ಈಜು, ಚಿತ್ರಕಲೆ, ನಾಟಕ ಇವೆಲ್ಲವೂ ಉಂಟು. ಮೈಸೂರಿನ ರಂಗಾಯಣದ "ಚಿನ್ನರ ಮೇಳ"ವಂತೂ ನಾಡಿಗೆಲ್ಲ ಪರಿಚಿತ. ಆದರೆ ಹದಿನೆಂಟು ದಾಟಿದ, ಶುಲ್ಕ ಕೊಡಲಾರದ ವಿದ್ಯಾರ್ಥಿಗೆ ಏನಿದೆ? ಇದೆ. 2023ರಿಂದ ಈಚೆಗೆ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಶನಿವಾರ ಬೆಳಿಗ್ಗೆ ಓದುಗರು ಕೂಡುತ್ತಿದ್ದಾರೆ. "ಕಬ್ಬನ್ ರೀಡ್ಸ್" ಎಂದು ಅದಕ್ಕೆ ಹೆಸರು. ಚಾಪೆ ಹಾಸಿಕೊಂಡು ತಮ್ಮ ತಮ್ಮ ಪುಸ್ತಕವನ್ನು ಮೌನವಾಗಿ ಓದುವುದು ಅಲ್ಲಿಯ ಪದ್ಧತಿ. ಭಾಷಣವಿಲ್ಲ, ಹಾರತುರಾಯಿಯಿಲ್ಲ, ಶುಲ್ಕವಿಲ್ಲ. ಅದೇ ಪಾರ್ಕಿನಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾದ ಕೆಂಪು ಕಟ್ಟಡದಲ್ಲಿ, ರಾಜ್ಯ ಕೇಂದ್ರ ಗ್ರಂಥಾಲಯವಿದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಆದುದರಿಂದ ಸಾರ್ವಜನಿಕ ಗ್ರಂಥಾಲಯದ ಕುರ್ಚಿ ಯಾರೋ ದಯಪಾಲಿಸಿದ ಭಿಕ್ಷೆಯಲ್ಲ, ಅದು ನಾಗರಿಕರ ಹಕ್ಕು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ಕಾಲೇಜಿನಲ್ಲಿ ಪರೀಕ್ಷೆ ಸಮೀಪಿಸಿತೆಂದರೆ ಪುಸ್ತಕಗಳೆಲ್ಲ ಹಿಂದಿರುಗಬೇಕು. ಗ್ರಂಥಾಲಯದ ಬಾಕಿಯಿಲ್ಲವೆಂಬ ಚೀಟಿ ಕೈಗೆ ಬರದ ಹೊರತು ಹಾಲ್ ಟಿಕೆಟ್ ಸಿಗದು. ಪರೀಕ್ಷೆ ಮುಗಿದೊಡನೆ ಬೀರುಗಳಿಗೆ ಬೀಗ. ಸೆಮಿಸ್ಟರ್ ಪದ್ಧತಿಯಿಂದ ರಜೆಯ ದಿನಗಳು ಅತ್ತಿತ್ತ ಸರಿಯುವುದುಂಟು. ಬೀಗ ಮಾತ್ರ ಸರಿಯದು. ವರ್ಷವಿಡೀ ಓದಲು ಬಿಡುವಿಲ್ಲದಾಗ ಪುಸ್ತಕವುಂಟು. ಬಿಡುವು ಬಂದಾಗ ಪುಸ್ತಕವಿಲ್ಲ. ಹಸಿವಾದಾಗ ಅಡಿಗೆಮನೆಗೆ ಬೀಗ ಹಾಕಿ, ಹೊಟ್ಟೆ ತುಂಬಿದಾಗ ಎಲೆ ಹಾಕಿ ಕರೆದಂತಾಯಿತು ಇದು. ಇದರಿಂದ ಇನ್ನೊಂದು ಹಾನಿಯೂ ಇದೆ. ವಿದ್ಯಾರ್ಥಿಯ ಕಣ್ಣಿಗೆ ಗ್ರಂಥಾಲಯವು ಸಾಲ ವಸೂಲಿಗೆ ಬರುವ ಸಾಹುಕಾರನಂತೆ ಕಾಣತೊಡಗುತ್ತದೆ.

ಗ್ರಂಥಪಾಲಕರ ಕಷ್ಟ ನನಗೆ ತಿಳಿಯದೆ ಇಲ್ಲ. ಪುಸ್ತಕ ಕಳೆದುಹೋದರೆ ಲೆಕ್ಕ ತಪಾಸಣೆಯ ಕಾಲದಲ್ಲಿ ಉತ್ತರ ಹೇಳಬೇಕಾದವರು ಅವರು. ಆದರೂ ಅಧ್ಯಾಪಕ ಮಹನೀಯರು ಒಂದು ಮಾತನ್ನು ಯೋಚಿಸಬೇಕೆಂದು ಬೇಡುತ್ತೇನೆ. ವಿದ್ಯಾರ್ಥಿಯ ಕೈಯಲ್ಲಿ ಕಳೆದುಹೋದ ಪುಸ್ತಕಕ್ಕೆ ಒಬ್ಬ ಓದುಗನಾದರೂ ಸಿಕ್ಕಿರುತ್ತಾನೆ. ಬೀರುವಿನಲ್ಲಿ ಗೆದ್ದಲು ತಿಂದ ಪುಸ್ತಕಕ್ಕೆ ಗೆದ್ದಲೇ ಓದುಗ. ನಮ್ಮ ಠೇವಣಿಯಂತೂ ಕಾಲೇಜಿನಲ್ಲಿಯೇ ಇದೆ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದಿನ ರುಚಿ ಹಚ್ಚಿದರು. ಅಂಥವರ ನಾಡಿನಲ್ಲಿ ನಾಲ್ಕು ಪುಸ್ತಕಗಳನ್ನು ನಂಬಿಕೆಯ ಮೇಲೆ ಕೊಡುವುದು ದೊಡ್ಡ ಮಾತಾಗಬಾರದು.

ನನ್ನ ಸೂಚನೆಗಳು ಮೂರು. ಒಂದು: ಕೊನೆಯ ಪರೀಕ್ಷೆಯ ದಿನ, ಬೇಡಿದ ವಿದ್ಯಾರ್ಥಿಗೆ ರಜೆಯ ಅವಧಿಗೆಂದು ಪಠ್ಯವಲ್ಲದ ನಾಲ್ಕು ಪುಸ್ತಕಗಳನ್ನು ಕೊಡಬೇಕು. ಎರಡು: ಪ್ರತಿಯೊಬ್ಬ ಅಧ್ಯಾಪಕರೂ ತಾವು ವಿದ್ಯಾರ್ಥಿಗಳಾಗಿದ್ದಾಗ ಮೆಚ್ಚಿ ಓದಿದ ಹತ್ತು ಪುಸ್ತಕಗಳ ಹೆಸರು ಬರೆದು ಸೂಚನಾ ಫಲಕದಲ್ಲಿ ಅಂಟಿಸಬೇಕು. ಇತಿಹಾಸದ ಮೇಷ್ಟರು ಯಾವ ಕಾದಂಬರಿ ಮೆಚ್ಚಿದ್ದರೆಂದು ತಿಳಿಯುವ ಕುತೂಹಲ ಯಾರಿಗಿಲ್ಲ? ಮೂರು: ಊರಿಗೆ ಹೋಗುವ ನಾವು ಸುಮ್ಮನೆ ಹೋಗಬಾರದು. 2020ರಲ್ಲಿ "ಓದುವ ಬೆಳಕು" ಎಂಬ ಕಾರ್ಯಕ್ರಮದ ಮೂಲಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಸದಸ್ಯತ್ವ ಕೊಡುವುದು ಸರ್ಕಾರದಿಂದ ಆಗುವ ಕೆಲಸ. ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಕಥೆ ಓದಿ ಹೇಳುವುದು ಮನುಷ್ಯರಿಂದಲೇ ಆಗಬೇಕು. ದಿನಕ್ಕೆ ಒಂದು ಗಂಟೆ ಆ ಕೆಲಸಕ್ಕೆ ನಾವು ಸಲ್ಲಲಾರೆವೆ? ಊರಿಗೆ ಹೋಗದೆ ಹಾಸ್ಟೆಲಿನಲ್ಲಿ ಉಳಿಯುವವರು ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಲಿ, ಇಲ್ಲವೆ ಕಾಲೇಜಿನ ಮರದ ನೆರಳಿನಲ್ಲಿಯೇ ಚಾಪೆ ಹಾಸಲಿ.

ಇವುಗಳಲ್ಲಿ ಯಾವುದಕ್ಕೂ ಅನುದಾನ ಬೇಕಿಲ್ಲ, ಸಮಿತಿ ಬೇಕಿಲ್ಲ, ಉದ್ಘಾಟನೆಗೆ ಮಂತ್ರಿಗಳೂ ಬೇಕಿಲ್ಲ. ಬೀರುವಿನ ಬೀಗದ ಕೈ ಒಂದು ಸಲ ತಿರುಗಿದರೆ ಸಾಕು. ಬೇಸಗೆಯಲ್ಲಿ ಓದಿ ಬಂದವನು ಮುಂದಿನ ಸಾಹಿತ್ಯ ಉತ್ಸವಕ್ಕೆ ಫೋಟೋಕ್ಕಾಗಿ ಹೋಗಲಾರ, ಕೇಳಬೇಕಾದ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಯೊಬ್ಬ ಆ ಸಭೆಯ ನಡುವೆ ಎದ್ದುನಿಂತು, ಅಚ್ಚ ಕನ್ನಡದಲ್ಲಿ, ಲೇಖಕರು ಒಂದು ಕ್ಷಣ ಯೋಚಿಸಿ ಉತ್ತರ ಕೊಡುವಂಥ ಪ್ರಶ್ನೆಯನ್ನು ಕೇಳಿದ ದಿನ ಆ ಉತ್ಸವ ನಿಜವಾಗಿಯೂ ಈ ನಗರದ್ದಾಗುತ್ತದೆ, ನಮ್ಮದೂ ಆಗುತ್ತದೆ.