ಯಾವ ಏರಿಯಾದ ಗಾಳಿ, ಸ್ವಾಮಿ?

ಮೊಬೈಲಲ್ಲಿ ‘ಬೆಂಗಳೂರು ಎಕ್ಯೂಐ 90’ ಅಂತ ಬಂದ್ರೆ, ‘ಪರ್ವಾಗಿಲ್ಲ, ದಿಲ್ಲಿಗಿಂತ ವಾಸಿ’ ಅಂದ್ಕೊಂಡು ಸುಮ್ಮನಾಗ್ತೀವಿ. ಆದ್ರೆ ಇಡೀ ಊರಿಗೆ ಒಂದೇ ಗಾಳಿನಾ? ಸಿಲ್ಕ್ ಬೋರ್ಡ್ ಸಿಗ್ನಲ್ಲಿನದೇ ಬೇರೆ, ಜಯನಗರದ ಒಳರಸ್ತೆಯದೇ ಬೇರೆ, ಪೀಣ್ಯದ ಕಾರ್ಖಾನೆಗಳ ನಡುವಿನದೇ ಬೇರೆ.

ಏರಿಯಾಗಳನ್ನು ಹೋಲಿಸುವಾಗಲೂ ಬರೀ ಎಕ್ಯೂಐ ನೋಡಿದ್ರೆ ಸಾಲದು. ನಮ್ಮ ದೇಶದಲ್ಲಿ ಅದು ಎಲ್ಲ ಮಾಲಿನ್ಯಕಾರಕಗಳ ಸರಾಸರಿ ಅಲ್ಲ, ಅವುಗಳಲ್ಲಿ ಅತಿ ಕೆಟ್ಟದ್ದರ ಅಂಕ. ಎರಡು ಕಡೆ 90 ಇದ್ದರೂ ಒಂದು ಕಡೆ ರಸ್ತೆ ದೂಳಿನ ಪಿಎಂ10, ಇನ್ನೊಂದು ಕಡೆ ವಾಹನದ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ಕಾರಣ ಇರಬಹುದು. ಕಾಯಿಲೆ ಬೇರೆ ಅಂದ್ಮೇಲೆ ಮದ್ದೂ ಬೇರೆ ತಾನೆ? ಜೊತೆಗೆ ಪಿಎಂ2.5 ಲೆಕ್ಕ ಹಾಕೋದು 24 ಗಂಟೆಯ ಸರಾಸರಿಯಲ್ಲಿ. ಸಂಜೆ ಟ್ರಾಫಿಕ್ಕಿನ ಹೊಗೆ ಅದರಲ್ಲಿ ಅಡಗಿಹೋಗುತ್ತದೆ. ಮಿತಿಯೂ ಸಡಿಲವೇ: ನಮ್ಮಲ್ಲಿ ದಿನಕ್ಕೆ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ನಾವು ಸಿಗ್ನಲ್ ದಾಟಿ ಹೋಗಿಬಿಡ್ತೀವಿ. ಅಲ್ಲೇ ದಿನವಿಡೀ ನಿಲ್ಲೋ ಟ್ರಾಫಿಕ್ ಪೊಲೀಸರು, ಹೂ ಮಾರೋ ಅಕ್ಕಂದಿರು ಎಲ್ಲಿಗೆ ಹೋಗ್ಬೇಕು? ಊರಿನ ಸರಾಸರಿಯಲ್ಲಿ ಅವರ ಲೆಕ್ಕವೇ ಇಲ್ಲ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಐಡಿಯಾ ಹುಡುಕ್ತಿರೋರೇ, ಈ ಲೆಕ್ಕ ನಾವೇ ಮಾಡೋಣ. ಕಡಿಮೆ ಬೆಲೆಯ ಲೇಸರ್ ಸೆನ್ಸರ್ ತೇವ ಹೆಚ್ಚಾದ್ರೆ ಜಾಸ್ತಿ ತೋರಿಸುತ್ತೆ. ಹಾಗಾಗಿ ಮೊದಲು ಎಲ್ಲವನ್ನೂ ಒಂದೇ ಕಡೆ ಇಟ್ಟು ತಾಳೆ ನೋಡಿ. ಆಮೇಲೆ ಒಂದೇ ಎತ್ತರ, ಒಂದೇ ಸಮಯ, ಬೇರೆ ಬೇರೆ ರಸ್ತೆ. ಬಂದ ಅಂಕಿಗಳನ್ನು ವೈವಾ ಮುಗಿದ ಮೇಲೆ ಮೂಲೆಗೆಸೆಯದೆ ವಾರ್ಡಿನ ಜನರ ಮುಂದೆ ಇಡಿ.