ರಾಮದೇವರ ಬೆಟ್ಟದ ದಾರಿ ನಡೆಯುವವರಿಗೆ ಸಲ್ಲಲಿ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರು ಮೊದಲಾದವು ಸಂಚರಿಸಕೂಡದೆಂದು 2023ರ ಆಗಸ್ಟ್ 1ರಿಂದ ವಿಧಿಸಲಾದ ನಿರ್ಬಂಧವನ್ನು ನಮ್ಮ ಸೀಮೆಯ ಜನ, ಮೊದಮೊದಲು ಗೊಣಗಿದರಾದರೂ, ಈಗ ಒಪ್ಪಿಕೊಂಡಿರುವರೆಂದೇ ಹೇಳಬೇಕು. ಬಿಡದಿಯ ರೈತನು ಟ್ರ್ಯಾಕ್ಟರನ್ನು ಸರ್ವಿಸ್ ರಸ್ತೆಗೆ ಇಳಿಸಿದನು. ರೇಷ್ಮೆಗೂಡಿನ ಮೂಟೆಯನ್ನು ಬೈಕಿಗೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಬರುವವನು ಹಳೆಯ ದಾರಿಯನ್ನೇ ಹಿಡಿದನು. ಅಪಘಾತಗಳನ್ನು ತಪ್ಪಿಸುವುದಕ್ಕಾಗಿ, ವೇಗವಾಗಿ ಹೋಗತಕ್ಕವನಿಗೆ ಮೆಲ್ಲಗೆ ಹೋಗತಕ್ಕವನು ದಾರಿ ಬಿಡಬೇಕೆಂಬ ನ್ಯಾಯವನ್ನು ಸರ್ಕಾರವೂ ಸಮಾಜವೂ ಹೀಗೆ ಅಂಗೀಕರಿಸಿರುವಾಗ, ಎಲ್ಲಿಯೋ ಒಂದೆಡೆ, ಎರಡು ಮೂರು ಕಿಲೋಮೀಟರಿನಷ್ಟು ಹಾದಿಯಲ್ಲಿ, ಮೆಲ್ಲಗೆ ಹೋಗತಕ್ಕವನಿಗಾಗಿ ವೇಗದವನು ದಾರಿ ಬಿಡಲೆಂದು ಕೇಳುವುದು ಅತಿಯಾಸೆಯೇನೂ ಆಗಲಾರದು. ಆ ಹಾದಿಯು ರಾಮನಗರದ ರಾಮದೇವರ ಬೆಟ್ಟದ ಹಾದಿಯಾಗಲೆಂಬುದು ನನ್ನ ಅಭಿಪ್ರಾಯ.

ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ತಿರುಗಿದೊಡನೆಯೇ ಎರಡೂ ಕಡೆ ಹೆಬ್ಬಂಡೆಗಳು ಎದ್ದು ನಿಲ್ಲುವ ಈ ಪ್ರದೇಶ ಲೋಕಕ್ಕೆಲ್ಲ ಪರಿಚಿತವಾದುದು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಿಂದ. ಚಿತ್ರೀಕರಣದ ಸಾಮಗ್ರಿಯನ್ನು ಸಾಗಿಸುವುದಕ್ಕೆಂದು ಹೆದ್ದಾರಿಯಿಂದ ಆ ತಂಡವೇ ಒಂದು ರಸ್ತೆಯನ್ನು ಮಾಡಿಸಿತಂತೆ. ಚಿತ್ರದ ಕಲ್ಪಿತ ಊರೊಂದಕ್ಕೆ ನಿಜವಾದ ರಸ್ತೆ! ಆದರೆ ಈ ಬಂಡೆಗಳ ನಿಜವಾದ ನಿವಾಸಿಗಳು ಚಿತ್ರದ ಡಕಾಯಿತ ಗಬ್ಬರನ ಸಂಗಡಿಗರಲ್ಲ, ಉದ್ದಕೊಕ್ಕಿನ ರಣಹದ್ದುಗಳು. ಇವುಗಳಿಗಾಗಿಯೇ 2012ರಲ್ಲಿ ಇಲ್ಲಿನ 856 ಎಕರೆ ಅರಣ್ಯವನ್ನು ರಣಹದ್ದುಧಾಮವೆಂದು ಘೋಷಿಸಲಾಯಿತು. ದೇಶದಲ್ಲಿ ಅಂಥದು ಅದೇ ಮೊದಲನೆಯದು. ವರ್ಷಕ್ಕೊಂದೇ ಮೊಟ್ಟೆಯನ್ನಿಡುವ ಈ ಪಕ್ಷಿ, ಚಳಿಗಾಲ ಮೊದಲಾಗುತ್ತಲೇ ಕಡಿದಾದ ಬಂಡೆಯ ಚಾಚಿನ ಮೇಲೆ ಗೂಡುಕಟ್ಟಿ, ಬೇಸಗೆಯವರೆಗೂ ಮರಿಯನ್ನು ಕಾಯುತ್ತದೆ. ಪ್ರವಾಸಿಗರ ವಾಹನಗಳು ಕಿಕ್ಕಿರಿಯುವುದೂ, ನಮ್ಮ ದುರದೃಷ್ಟಕ್ಕೆ, ಅದೇ ಹಿತವಾದ ತಿಂಗಳುಗಳಲ್ಲಿಯೇ.

ಹದ್ದುಗಳನ್ನು ಕೊಂದದ್ದು ಮೋಟಾರಲ್ಲ, ದನಗಳಿಗೆ ಚುಚ್ಚಿದ ಡೈಕ್ಲೋಫೆನಾಕ್ ಔಷಧವೆಂದು ಯಾರಾದರೂ ಆಕ್ಷೇಪಿಸಬಹುದು. ದಿಟವೇ, ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿಯೇ ನಿಷೇಧಿಸಿದ್ದು ಆ ಕಾರಣಕ್ಕಾಗಿಯೇ. ಆದರೆ ವಿಷದಿಂದ ಅಳಿದು ಬೆರಳೆಣಿಕೆಗೆ ಇಳಿದ ಸಂತತಿಗೆ ಒಂದೊಂದು ಗೂಡೂ ವಂಶದ ಪ್ರಶ್ನೆಯಾಗಿರುವಾಗ, ಹಾರನ್ನಿಗೂ ಕಾರಿನೊಳಗಿನ ಸ್ಪೀಕರಿಗೂ ಅಲ್ಲಿ ಏನು ಕೆಲಸವೆಂದು ಕೇಳಲು ನಮಗೆ ಅಧಿಕಾರವುಂಟು.

ಇಂತಹ ಬೇಡಿಕೆ ಕರ್ನಾಟಕಕ್ಕೆ ಹೊಸದಲ್ಲ. ಬಂಡೀಪುರದ ನಡುವೆ ಹಾದುಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ, ವನ್ಯಮೃಗಗಳು ವಾಹನಗಳಿಗೆ ಸಿಕ್ಕಿ ಸಾಯುವುದನ್ನು ಕಂಡು, ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರ ಜೂನ್‌ನಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಿದರು. ಒತ್ತಡಕ್ಕೆ ಮಣಿದು ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ಹಿಂದೆಗೆದುಕೊಂಡದ್ದೂ, ವಕೀಲರೊಬ್ಬರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಹೈಕೋರ್ಟು ಅದನ್ನು ಮತ್ತೆ ಊರ್ಜಿತಗೊಳಿಸಿ 2010ರ ಮಾರ್ಚಿನಲ್ಲಿ ಸ್ಥಿರಪಡಿಸಿದ್ದೂ ಎಲ್ಲರಿಗೂ ತಿಳಿದ ಸಂಗತಿ. ಆ ಮೇಲೆ ನಿಷೇಧವನ್ನು ತೆಗೆಯಬೇಕೆಂದು ಕೇರಳದಿಂದ ಬಂದ ಒತ್ತಾಯಗಳೆಷ್ಟು, ಕಾಡಿನ ಮೇಲೆ ಮೇಲ್ಸೇತುವೆ ಕಟ್ಟುವ ಯೋಜನೆಗಳೆಷ್ಟು! ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಪರ್ಯಾಯ ಮಾರ್ಗವಿದ್ದರೂ ಬೇಡಿಕೆ ನಿಲ್ಲಲಿಲ್ಲ. ನಿಷೇಧವನ್ನು ಸಡಿಲಿಸುವ ಮಾತು ಮತ್ತೊಮ್ಮೆ ಕೇಳಿಬಂದಾಗ, 2025ರ ಏಪ್ರಿಲಿನಲ್ಲಿ ಪರಿಸರಾಸಕ್ತರೂ ರೈತರೂ ವಿದ್ಯಾರ್ಥಿಗಳೂ ಗುಂಡ್ಲುಪೇಟೆ ತಾಲೂಕಿನ ಮದ್ದೂರು ಚೆಕ್‌ಪೋಸ್ಟಿನತ್ತ ಕಾಲ್ನಡಿಗೆಯಲ್ಲಿ ಸಾಗಿದರು. ನ್ಯಾಯಾಲಯದ ತೀರ್ಪೊಂದಿದ್ದರೆ ಸಾಲದು, ಅದನ್ನು ತಮ್ಮದೆಂದು ಹೇಳಿಕೊಳ್ಳುವ ಜನವೂ ಬೇಕೆಂಬುದಕ್ಕೆ ಈ ಹದಿನಾರು ವರ್ಷಗಳ ವೃತ್ತಾಂತವೇ ಪ್ರಮಾಣ.

ನಿಷೇಧವೆಂದರೆ ಹೃದಯಶೂನ್ಯತೆಯಲ್ಲವೆಂಬುದನ್ನೂ ಬಂಡೀಪುರ ತೋರಿಸಿದೆ. ಅಲ್ಲಿ ಆಂಬುಲೆನ್ಸಿಗೆ ತಡೆಯಿಲ್ಲ, ನಿಗದಿಯಾದ ಕೆಲವು ಸಾರಿಗೆ ಬಸ್ಸುಗಳಿಗೂ ಇಲ್ಲ. ರಾಮದೇವರ ಬೆಟ್ಟದ ದೇವಸ್ಥಾನಕ್ಕೆ ಶ್ರಾವಣದಲ್ಲಿ ಬರುವ ಭಕ್ತರಲ್ಲಿ ಮುದುಕರಿದ್ದಾರೆ, ಕೈಕೂಸಿನ ತಾಯಂದಿರಿದ್ದಾರೆ, ಕಾಲಿಲ್ಲದವರಿದ್ದಾರೆ. ಇವರನ್ನು ಬಿಸಿಲಿನಲ್ಲಿ ನಡೆಸುವುದು ಯಾರ ಅಪೇಕ್ಷೆಯೂ ಅಲ್ಲ. ಮಹಾರಾಷ್ಟ್ರದ ಮಾಥೇರಾನ್ ಗಿರಿಧಾಮದಲ್ಲಿ ಮೋಟಾರಿಗೆ ಬಹುಕಾಲದಿಂದ ಪ್ರವೇಶವಿಲ್ಲ. ಆದರೆ ಅಲ್ಲಿ ಮನುಷ್ಯನೇ ಮನುಷ್ಯನನ್ನು ರಿಕ್ಷಾದಲ್ಲಿ ಕೂರಿಸಿ ಎಳೆಯುವ ಪದ್ಧತಿ ಉಳಿದುಬಂದು, ಕಡೆಗೆ 2025ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ನಿಲ್ಲಿಸಿ ವಿದ್ಯುತ್ ರಿಕ್ಷಾಗಳನ್ನು ತರಬೇಕೆಂದು ಆದೇಶಿಸಬೇಕಾಯಿತು. ಆದಕಾರಣ ಕಾರನ್ನು ತಡೆಯುವ ದಿನವೇ ಸಣ್ಣ ವಿದ್ಯುತ್ ವಾಹನವೂ ಸಿದ್ಧವಾಗಿರತಕ್ಕದ್ದು, ಅದನ್ನು ನಡೆಸುವ ಉದ್ಯೋಗ ಸುತ್ತಲಿನ ಹಳ್ಳಿಯವರಿಗೇ ಸಲ್ಲತಕ್ಕದ್ದು.

ವ್ಯಾಪಾರ ಹಾಳಾಗುವುದೆಂಬ ಭಯಕ್ಕೆ ಉತ್ತರವನ್ನು ಚನ್ನಪಟ್ಟಣದವರಿಂದ ಕೇಳಬೇಕು. ಹಳೆಯ ರಸ್ತೆಯ ಎರಡೂ ಬದಿಗೆ ಆಲೆಮರದ ಗೊಂಬೆಗಳನ್ನು ಜೋಡಿಸಿಟ್ಟು ಕೂತವರ ಬಾಳಿಗೆ ಪೆಟ್ಟು ಬಿದ್ದದ್ದು ವಾಹನಗಳು ಕಡಿಮೆಯಾದುದರಿಂದಲ್ಲ. ನಿಲ್ಲುತ್ತಿದ್ದ ವಾಹನಗಳು ಬೈಪಾಸಿನಲ್ಲಿ ನಿಲ್ಲದೆ ಓಡತೊಡಗಿದುದರಿಂದ. ನೂರು ಕಿಲೋಮೀಟರ್ ವೇಗದವನು ಬುಗುರಿಯನ್ನು ಕೊಳ್ಳುವುದುಂಟೆ? ಬೆಟ್ಟದ ಬುಡದಲ್ಲಿ ಕಾರನ್ನಿಟ್ಟು ನಡೆಯುವವನಿಗಾದರೋ ಎಳನೀರೂ ಬೇಕು, ನೆರಳೂ ಬೇಕು, ಮರಳುವಾಗ ಮಗುವಿಗೊಂದು ಗೊಂಬೆಯೂ ಬೇಕು.

ಮಾಗಡಿಯ ಸಾವನದುರ್ಗಕ್ಕೂ, ಕನಕಪುರದಾಚೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದ ಹಾದಿಗೂ ಇದೇ ವಾದ ಅನ್ವಯಿಸುವುದೋ ಎಂದರೆ, ಪೂರ್ತಿಯಾಗಿ ಅಲ್ಲ. ಸಂಗಮದ ದಾರಿ ದೀರ್ಘವಾದುದು, ಹಳ್ಳಿಗಳಿಗೂ ಅದೇ ದಾರಿ. ರಾಮದೇವರ ಬೆಟ್ಟದ ಹಾದಿಯಾದರೋ ಬೆಟ್ಟದಲ್ಲಿಯೇ ಕೊನೆಗೊಳ್ಳುವುದು; ಅದನ್ನು ಮುಚ್ಚಿದರೆ ಯಾರ ಪ್ರಯಾಣವೂ ಕೆಡದು. ಆರಂಭಕ್ಕೆ ಅದಕ್ಕಿಂತ ಸುಲಭವಾದ ರಸ್ತೆ ರಾಮನಗರ ಜಿಲ್ಲೆಯಲ್ಲಿ ದೊರೆಯದು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿದೆ. ಹೆಸರಿನ ಹಿಂದೆಯೇ ನಿವೇಶನಗಳೂ ರೆಸಾರ್ಟುಗಳೂ ಬರುತ್ತಿವೆ. ರಸ್ತೆಯನ್ನು ಅಗಲಿಸಿರೆಂಬ ಅರ್ಜಿ ಬರುವುದಕ್ಕೆ ಮುಂಚೆ ಅದನ್ನು ಮುಚ್ಚಿರೆಂಬ ಅರ್ಜಿ ಜಿಲ್ಲಾಧಿಕಾರಿಗಳ ಮೇಜನ್ನು ತಲುಪಬೇಕು.

ಆ ಅರ್ಜಿಯಲ್ಲಿ ಬರೆಯಬೇಕಾದುದು ಹೆಚ್ಚೇನಿಲ್ಲ. ಬರುವ ನವೆಂಬರಿನಿಂದ ಮಾರ್ಚಿನವರೆಗೆ, ಶನಿವಾರ ಭಾನುವಾರಗಳಲ್ಲಿ ಮೊದಲ್ಗೊಂಡು, ಹೆದ್ದಾರಿಯ ಸಮೀಪದಲ್ಲಿಯೇ ವಾಹನಗಳನ್ನು ನಿಲ್ಲಿಸತಕ್ಕದ್ದು; ನಿಲುಗಡೆಯ ಶುಲ್ಕದ ಪಾಲು ಸ್ಥಳೀಯರಿಗೆ ಸೇರತಕ್ಕದ್ದು; ಅರಣ್ಯ ಇಲಾಖೆಯವರು ಆ ತಿಂಗಳುಗಳ ಗೂಡುಗಳ ಲೆಕ್ಕವನ್ನು ಸಾರ್ವಜನಿಕರ ಮುಂದಿಡತಕ್ಕದ್ದು. ಮೊದಲ ಸಹಿಗಳನ್ನು ದೇವಸ್ಥಾನದ ಅರ್ಚಕರಿಂದಲೂ ಬೆಟ್ಟದ ಬುಡದ ಎಳನೀರಿನವರಿಂದಲೂ ಪಡೆಯುವುದು ಲೇಸು. ನಗರದಿಂದ ಕ್ಯಾಮರಾ ಹಿಡಿದು ಬರುವ ನಮ್ಮಂಥವರ ಸಹಿ ಕೆಳಗಿದ್ದರೂ ಸಾಕು.