ಚಿತ್ರ ತೆಗೆದವನ ಕೈಯಲ್ಲಿ ಕಾಗದವಿಲ್ಲ

ಆಷಾಢ ಬಂತೆಂದರೆ ಕಲ್ಯಾಣಮಂಟಪಗಳು ಭಣಗುಡುತ್ತವೆ. ಅಡುಗೆಭಟ್ಟರು, ಓಲಗದವರು, ಹೂವಿನ ಅಲಂಕಾರದವರ ಜೊತೆಗೆ ಇನ್ನೊಬ್ಬನೂ ಆ ತಿಂಗಳು ಕೈಕಟ್ಟಿ ಕೂರುತ್ತಾನೆ. ಅವನಿಗೆ ಸ್ವಂತ ಸ್ಟುಡಿಯೋ ಇಲ್ಲ, ತಿಂಗಳ ಸಂಬಳವಿಲ್ಲ, ಗೋಡೆಗೆ ನೇತುಹಾಕಲು ಸರ್ಟಿಫಿಕೇಟೂ ಇಲ್ಲ. ಇರುವುದು ಎರಡು ಕ್ಯಾಮೆರಾ, ಮೂರು ಲೆನ್ಸು, ಒಂದು ಬೈಕು. ಆಷಾಢ ಕಳೆದು ನಾಲ್ಕು ಮುಹೂರ್ತ ಸಿಗುವಷ್ಟರಲ್ಲಿ ಪಿತೃಪಕ್ಷ, ಅದು ದಾಟಿ ಉಸಿರಾಡುವಷ್ಟರಲ್ಲಿ ಧನುರ್ಮಾಸ. ಕ್ಯಾಮೆರಾದ ಇಎಂಐಗೆ ಮಾತ್ರ ಶೂನ್ಯಮಾಸವಿಲ್ಲ.

ಕೆಲಸವನ್ನು ತಾನೇ ಕಲಿತವನು ಎಂದರೆ ಕೇಳುವವರಿಗೆ ಒಂದು ಬಗೆಯ ರೋಮಾಂಚನ. ಈ ಕಸುಬಿನಲ್ಲಿ ಅದು ಅಪರೂಪವೇನಲ್ಲ, ಅದೇ ರೂಢಿ. ಬ್ರೆಜಿಲಿನ ಸೆಬಾಸ್ಟಿಯೋ ಸಾಲ್ಗಾಡೊ ಓದಿದ್ದು ಅರ್ಥಶಾಸ್ತ್ರ. ಅಮೆರಿಕದ ಗಾರ್ಡನ್ ಪಾರ್ಕ್ಸ್ ಗಿರವಿ ಅಂಗಡಿಯಲ್ಲಿ ಹಳೆಯ ಕ್ಯಾಮೆರಾ ಕೊಂಡು ಶುರುಮಾಡಿ, 1948ರಲ್ಲಿ 'ಲೈಫ್' ಪತ್ರಿಕೆ ಸೇರಿದರು. ಅದೇ 1948ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದ್ದ ಮೈಸೂರಿನ ಟಿ.ಎಸ್. ಸತ್ಯನ್ ಬೆಂಗಳೂರಿನ 'ಡೆಕ್ಕನ್ ಹೆರಾಲ್ಡ್' ಸೇರಿದ್ದರು. ಮುಂದೆ ಮುಂಬಯಿಯ 'ಇಲಸ್ಟ್ರೇಟೆಡ್ ವೀಕ್ಲಿ'ಗೆ ಹೋದರು, ಆಮೇಲೆ ನೌಕರಿಯನ್ನೇ ಬಿಟ್ಟು ಸ್ವತಂತ್ರರಾದರು. 'ಲೈಫ್'ನಂಥ ಪತ್ರಿಕೆಗಳು, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಎಲ್ಲವೂ ಅವರಿಂದ ಚಿತ್ರ ತೆಗೆಸಿದವು. 1977ರಲ್ಲಿ ಪದ್ಮಶ್ರೀ ಬಂತು. ಅವರ ನೆನಪುಗಳು 'ಕಾಲಕ್ಕೆ ಕನ್ನಡಿ'ಯಾಗಿ ಕನ್ನಡದಲ್ಲೂ ಇವೆ.

ಸತ್ಯನ್ ಕಾಲದಲ್ಲಿ ಕಲಿಕೆಯೇ ದುಬಾರಿ. ಒಂದು ರೋಲಿಗೆ 36 ಚಿತ್ರ, ದೊಡ್ಡ ಚೌಕದ ಕ್ಯಾಮೆರಾವಾದರೆ ಬರೀ 12. ತಪ್ಪಿದ್ದು ಗೊತ್ತಾಗುತ್ತಿದ್ದುದು ರೋಲು ತೊಳೆದ ಮೇಲೆ. ಈಗ ತಪ್ಪಿಗೆ ಖರ್ಚಿಲ್ಲ. ಹಿರಿಯರೊಬ್ಬರ ಹಿಂದೆ ನಾಲ್ಕು ಮದುವೆಗೆ ಲೈಟ್ ಹಿಡಿದು, ರಾತ್ರಿ ಯೂಟ್ಯೂಬ್ ನೋಡಿ, ಹಗಲು ತಂಗಿಯನ್ನೋ ಬೀದಿನಾಯಿಯನ್ನೋ ಗೋಳುಹೊಯ್ದು ಕಲಿತ ಹುಡುಗ ಒಂದೇ ವರ್ಷದಲ್ಲಿ ಒಪ್ಪುವ ಚಿತ್ರ ತೆಗೆಯಬಲ್ಲ. ಕ್ಯಾಮೆರಾ ಕಲಿಸುವ ವಿಡಿಯೋಗಳಿಗೆ ಬರವಿಲ್ಲ. ದುಡ್ಡು ಹೇಗೆ ಕೇಳಬೇಕು, ಕೇಳಿದ್ದನ್ನು ಹೇಗೆ ವಸೂಲು ಮಾಡಬೇಕು ಎಂಬುದನ್ನು ಮಾತ್ರ ಅವನಿಗೆ ಯಾರೂ ಕಲಿಸುವುದಿಲ್ಲ.

ಒಂದು ಮದುವೆಯ ಲೆಕ್ಕವನ್ನೇ ನೋಡಿ. ಹಿಂದಿನ ಸಂಜೆಯ ರಿಸೆಪ್ಷನ್, ಮರುದಿನದ ಧಾರೆ ಸೇರಿ 3,000 ಕ್ಲಿಕ್ ಎನ್ನೋಣ. ಒಂದೊಂದನ್ನು ಐದು ಸೆಕೆಂಡು ನೋಡಿ ಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕೇ ನಾಲ್ಕು ಗಂಟೆ ಮೀರುತ್ತದೆ. ಉಳಿದ 400ಕ್ಕೆ ತಲಾ ಮೂರು ನಿಮಿಷ ಬಣ್ಣ, ಬೆಳಕು ತಿದ್ದಿದರೆ ಇನ್ನು ಇಪ್ಪತ್ತು ಗಂಟೆ. ಬಹಳ ಮಂದಿ ನೆಚ್ಚಿಕೊಂಡಿದ್ದ ಕ್ಯಾನನ್ 5ಡಿ ಮಾರ್ಕ್ 4 ಕ್ಯಾಮೆರಾದ ಶಟರಿಗೆ ಕಂಪನಿ ಹೇಳುವ ಬಾಳಿಕೆ 1.5 ಲಕ್ಷ ಕ್ಲಿಕ್. ಈ ಲೆಕ್ಕದಲ್ಲಿ ಐವತ್ತು ಮದುವೆಗೆ ಅದರ ಆಯಸ್ಸು ತೀರಿತು. ರಾ ಫೈಲುಗಳು ನೂರು ಜಿಬಿ ದಾಟುತ್ತವೆ, ಅವನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಬೇಕು. 'ಎರಡು ದಿನದ ಕೆಲಸಕ್ಕೆ ಇಷ್ಟೊಂದಾ?' ಎನ್ನುವ ಹುಡುಗಿಯ ಚಿಕ್ಕಪ್ಪನಿಗೆ ಇದ್ಯಾವುದೂ ಕಾಣುವುದಿಲ್ಲ. ಅವರ ತಪ್ಪೇನೂ ಅಲ್ಲ, ಅವರಿಗೆ ಯಾರೂ ಬರೆದು ತೋರಿಸಿಲ್ಲ.

ಇದಕ್ಕಿಂತ ದೊಡ್ಡ ಗಂಟು ಇನ್ನೊಂದಿದೆ. ಬಾಕಿ ಹಣ ಆಲ್ಬಮ್ ಕೊಟ್ಟಾಗ ಎಂದು ಬಾಯಿಮಾತಾಗಿರುತ್ತದೆ. ಆಲ್ಬಮ್ ಆಗಬೇಕಾದರೆ ದಂಪತಿ ಫೋಟೋ ಆರಿಸಿಕೊಡಬೇಕು. ಮಧುಚಂದ್ರ ಮುಗಿದು, ಹೊಸ ಮನೆ ಹೂಡಿ, ಸೀಮಂತದ ಫೋಟೋಗೆ ಕರೆ ಬಂದರೂ ಮದುವೆಯ ಫೋಟೋ ಆರಿಸಿ ಆಗಿರುವುದಿಲ್ಲ. ಬಾಕಿ ಹಾಗೇ ನಿಂತಿರುತ್ತದೆ. ಕೇಳಿದರೆ ಸಂಬಂಧ ಕೆಡುತ್ತದೆ, ಕೇಳದಿದ್ದರೆ ಇಎಂಐ ಬೌನ್ಸ್ ಆಗುತ್ತದೆ.

ಮದುವೆಯ ಆಚೆ ಕಂಪನಿ, ಹೋಟೆಲ್, ಪ್ರಕಾಶನ, ಪತ್ರಿಕೆಗಳಿಗೆ ದುಡಿಯುವವನ ಪಾಡು ಇನ್ನೂ ನಾಜೂಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರೋ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಒಡೆಯ ತೆಗೆಸಿದವನೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಈ ಕೊನೆಯ ಮಾತಿನಲ್ಲೇ ಫೋಟೋಗ್ರಾಫರನ ಇಡೀ ಬದುಕು ಸಿಕ್ಕಿಕೊಂಡಿದೆ. ಹೋಟೆಲಿನ ಮೆನುಕಾರ್ಡಿಗೆಂದು ತೆಗೆದ ಮಸಾಲೆದೋಸೆ ಮುಂದಿನ ವರ್ಷ ಹೆದ್ದಾರಿ ಪಕ್ಕದ ಹೋರ್ಡಿಂಗಿನಲ್ಲಿ ನಿಂತಿದ್ದರೆ, ಕಾಗದವಿಲ್ಲದವನು ಬೈಕ್ ನಿಲ್ಲಿಸಿ ನೋಡಿಕೊಂಡು ಹೋಗಬೇಕು ಅಷ್ಟೆ. ಅವನೇ ತನ್ನಿಷ್ಟಕ್ಕೆ ತೆಗೆದ ಚಿತ್ರದ ಹಕ್ಕು ಅವನದೇ, 2012ರ ತಿದ್ದುಪಡಿಯ ನಂತರ ಜೀವಮಾನ ಮತ್ತು ಅದರ ಮೇಲೆ 60 ವರ್ಷ. ಆ ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೇ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದೆ ಬಿಟ್ಟರೆ ಅದು ಐದೇ ವರ್ಷ. ಕಾನೂನು ಕಾಗದ ಇಟ್ಟುಕೊಂಡವನ ಪರವಾಗಿದೆ.

ಈ ಜಗಳ ಹೊಸದಲ್ಲ. ರಾಬರ್ಟ್ ಕಾಪಾ, ಕಾರ್ಟಿಯೆ ಬ್ರೆಸೋನ್ ಮತ್ತು ಗೆಳೆಯರು 1947ರಲ್ಲಿ 'ಮ್ಯಾಗ್ನಮ್' ಕಟ್ಟಿದ ಮುಖ್ಯ ಕಾರಣಗಳಲ್ಲಿ ಇದೂ ಒಂದು: ಪತ್ರಿಕೆ ದುಡ್ಡು ಕೊಟ್ಟರೂ ಚಿತ್ರದ ಹಕ್ಕು ತೆಗೆದವನ ಬಳಿಯೇ ಉಳಿಯಬೇಕು. ಜಗತ್ತಿನ ಅಷ್ಟು ದೊಡ್ಡ ಹೆಸರುಗಳಿಗೇ ಸಂಘ ಕಟ್ಟಿಕೊಳ್ಳಬೇಕಾಯಿತು.

ನಮ್ಮಲ್ಲಿ ಹಕ್ಕಿನ ಮಾತು ಹಾಗಿರಲಿ, ಹೆಸರಿಗೂ ಬರ. 'ಚಿತ್ರಕೃಪೆ: ಅಂತರಜಾಲ' ಎಂಬ ಸಾಲನ್ನು ಕನ್ನಡದ ಓದುಗರು ಎಷ್ಟು ಸಲ ನೋಡಿಲ್ಲ! ಅಂತರಜಾಲ ಯಾವತ್ತೂ ಕೆಸರಲ್ಲಿ ಮಂಡಿಯೂರಿ ಕಂಬಳದ ಕೋಣಗಳ ಫೋಟೋ ತೆಗೆದದ್ದಿಲ್ಲ. ಹಕ್ಕು ಮಾರಿದ ಮೇಲೂ ಇದು ತನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ ಎನ್ನುತ್ತದೆ ಅದೇ ಕಾಯ್ದೆಯ 57ನೇ ಕಲಮು. ಹೆಸರು ಹಾಕುವುದನ್ನೇ ಸಂಭಾವನೆ ಎಂದುಕೊಂಡವರೂ ಇದ್ದಾರೆ. 'ದುಡ್ಡಿಲ್ಲ, ಆದರೆ ನಿಮ್ಮ ಹೆಸರು ಹಾಕ್ತೀವಿ' ಎನ್ನುವ ಉದಾರಿಗಳು ಕೊಡುತ್ತಿರುವುದು ಅವನದೇ ಸೊತ್ತು.

ಹಣ ತಡವಾಗುವುದಕ್ಕೂ ಮದ್ದಿದೆ, ಕುಡಿಯುವವರು ಕಡಿಮೆ. ಒಂಟಿ ಫೋಟೋಗ್ರಾಫರನೂ ಉದ್ಯಮ್ ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ಕಿರು ಉದ್ಯಮವೆಂದು ನೋಂದಾಯಿಸಿಕೊಳ್ಳಬಹುದು. 2006ರ ಎಂಎಸ್‌ಎಂಇ ಕಾಯ್ದೆಯಂತೆ, ಕೆಲಸ ಪಡೆದ ಕಂಪನಿ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೂರು ಕೊಡಲು ಹೋದವನನ್ನು ಕೇಳುವ ಮೊದಲ ಪ್ರಶ್ನೆ, 'ವರ್ಕ್ ಆರ್ಡರ್ ಎಲ್ಲಿ?' ಅವನು ಮೊಬೈಲ್ ತೆಗೆದು, 'ಓಕೆ ಬ್ರೋ, ಡನ್' ಎಂಬ ವಾಟ್ಸ್‌ಆ್ಯಪ್ ಸಂದೇಶ ತೋರಿಸುತ್ತಾನೆ. ಏನೂ ಇಲ್ಲದ್ದಕ್ಕಿಂತ ಅದೂ ವಾಸಿಯೇ.

ಫೋಟೋಗ್ರಾಫರುಗಳೇನು ಸಾಚಾಗಳಲ್ಲ. ಪಕ್ಕದವನು ಮೂವತ್ತು ಸಾವಿರ ಎಂದರೆ ಇಪ್ಪತ್ತಕ್ಕೆ ಒಪ್ಪಿ ಇಡೀ ತಾಲ್ಲೂಕಿನ ದರ ಕೆಡಿಸುವವರು ಇವರೇ. ಜೊತೆಗೆ ಕರೆದೊಯ್ದ ಹುಡುಗ ತೆಗೆದ ಚಿತ್ರವನ್ನು ತಮ್ಮ ಇನ್‌ಸ್ಟಾಗ್ರಾಮಿನಲ್ಲಿ ಹೆಸರಿಲ್ಲದೆ ಹಾಕಿಕೊಳ್ಳುವವರೂ ಇವರೇ. ಆ ಹುಡುಗನ ಕೂಲಿ 'ಪಾರ್ಟಿ ಕೊಟ್ಟ ಮೇಲೆ'.

ಮದುವೆ ಮನೆಯಲ್ಲಿ ಕಾಗದ ಮುಂದಿಟ್ಟರೆ ಅಪನಂಬಿಕೆ ಎಂದುಕೊಳ್ಳುತ್ತಾರೆ, ಗಿರಾಕಿ ಕೈಬಿಟ್ಟು ಹೋಗುತ್ತದೆ ಎಂಬ ಅಂಜಿಕೆ ಬಹಳ ಮಂದಿಗಿದೆ. ಅದೇ ಮನೆಯವರು ಕಲ್ಯಾಣಮಂಟಪದ ರಸೀದಿಯ ಹಿಂದೆ ಅಚ್ಚಾದ ಷರತ್ತುಗಳಿಗೆ ತುಟಿಪಿಟಕ್ಕೆನ್ನದೆ ಸಹಿ ಹಾಕಿ ಬಂದಿರುತ್ತಾರೆ. ಒಂದು ಪುಟ ಸಾಕು, ಕನ್ನಡದಲ್ಲೇ: ತಾರೀಖು, ಮುಂಗಡ, ಎಷ್ಟು ಫೋಟೋ, ಆರಿಸಲು ಎಷ್ಟು ದಿನ, ದಿನ ಮೀರಿದರೆ ಬಾಕಿ ಯಾವಾಗ, ಚಿತ್ರವನ್ನು ಯಾರು ಎಲ್ಲಿ ಬಳಸಬಹುದು. ಕೆಲಸವಿಲ್ಲದ ಆಷಾಢಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಶ್ರಾವಣದಲ್ಲಿ ಹುಡುಗಿಯ ಸೋದರಮಾವ ಆ ಪುಟವನ್ನು ಕನ್ನಡಕ ಏರಿಸಿ ಓದಿ, 'ಇದೇನಪ್ಪಾ, ಫೋಟೋ ಆರಿಸಕ್ಕೆ ಮೂವತ್ತೇ ದಿನವಾ? ಅರವತ್ತು ಮಾಡು, ಹುಡುಗಿ ಊರಲ್ಲಿರಲ್ಲ' ಎಂದು ಚೌಕಾಸಿಗಿಳಿಯಬಹುದು. ನಲವತ್ತೈದಕ್ಕೆ ಒಪ್ಪಿ ಸಹಿ ಹಾಕಿಸಿಕೊಳ್ಳಲಿ.